ನೆಲಿಯ ಕೈಗುಣ

ನಮ್ಮ ಬೆಟ್ಟದೂರು ಪುಯೆರ್ತೋ ಲೆಂಗಾದಲ್ಲಿ ಗಂಡಸಾದವನು ನಾಲ್ಕು ಜನರೆದುರು ಮಾಡಬಹುದಾದ ಕೆಲಸಗಳೆಂದರೆ ಸ್ಕೀ ಮೇಲಿಂದ ಬೀಳುವುದು, ಸರೋವರದಲ್ಲಿ ತಪ್ಪಿಸಿಕೊಂಡ ಮೀನಿನ ಉದ್ದ ಹೇಳುವುದು, ಮಾಂಸ ಸುಡುವುದು ಮತ್ತು ಇಸ್ಪೀಟಿನ ಮೇಜಿನಲ್ಲಿ ಗಂಟಲು ಹರಿದುಕೊಳ್ಳುವುದು. ಇವಿಷ್ಟರಲ್ಲಿ ಯಾವುದನ್ನು ಮಾಡಿಕೊಂಡಿದ್ದರೂ ಮರ್ಯಾದೆಯಾಗಿ ಮುದುಕನಾಗಬಹುದು. ಇವಿಷ್ಟೂ ಬಿಟ್ಟು ಬೇರೆಯದಕ್ಕೆ ಕೈಹಾಕಿದವನು ಎವರಿಸ್ತೋ ಅರ್ರಿಯಾಗಾದ. ಅವನು ಉಣ್ಣೆ ಹೆಣೆಯುತ್ತಿದ್ದ.

ಈ ವಿಷಯ ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ನೆಲಿ, ಇನ್ನೊಬ್ಬಳು ಪಕ್ಕದ ಮನೆಯ ನಾನು. ನಾನು ರೂಫಿನಾ, ಮಣ್ಣಿನ ಲೋಟ ಮಾಡಿ ಮಾರುವವಳು. ನನಗೆ ಯಾರೂ ಹೇಳಿರಲಿಲ್ಲ, ಬೇಲಿಯ ಸಂದಿಯಿಂದ ನೋಡಿದ್ದೆ. ನೋಡುವುದಕ್ಕಲ್ಲದೆ ಇನ್ನೇತಕ್ಕೆ ದೇವರು ಬೇಲಿಯಲ್ಲಿ ಸಂದಿ ಇಟ್ಟಿರುವುದು.

ಎವರಿಸ್ತೋ ಚಳಿಗಾಲದಲ್ಲಿ, ತಂತಿಗೆ ತೂಗುವ ಕುರ್ಚಿಗಳಲ್ಲಿ ಜನರನ್ನು ಬೆಟ್ಟಕ್ಕೇರಿಸುವ ಚೇರ್‌ಲಿಫ್ಟಿನ ಬುಡದಲ್ಲಿ ನೌಕರಿ ಮಾಡುತ್ತಿದ್ದ. ಹಿಂದಿನಿಂದ ಬರುವ ಕುರ್ಚಿ ಹಿಡಿದು ಪ್ರವಾಸಿಗಳ ಅಂಡಿನ ಕೆಳಗೆ ಸರಿಯಾಗಿ ತೂರಿಸುವ ಕೆಲಸ. ಮನುಷ್ಯ ಒಳ್ಳೆಯವನು, ಆದರೆ ಗೊಂದಲದ ಗೂಡು. ಒಂದು ಸಲ ಯಾರದೋ ಸ್ಕೀ ಎತ್ತಿಕೊಡಲು ಹೋಗಿ ತಾನೇ ಕುರ್ಚಿಯಲ್ಲಿ ಕೂತು ಶಿಖರಕ್ಕೆ ಹೋಗಿಬಿಟ್ಟಿದ್ದ. ದುಡ್ಡು ಕೊಟ್ಟ ಪ್ರವಾಸಿ ಕೆಳಗೇ ನಿಂತು ಪಾಪ ಕೈಬೀಸಿದ. ಇಂಥವನ ಕೈಗೆ ಎರಡು ಕಡ್ಡಿ, ಒಂದು ಉಣ್ಣೆಯುಂಡೆ ಕೊಟ್ಟರೆ ಬೇರೆಯೇ ಮನುಷ್ಯ. ಅವನ ತಾಯಿಗೆ ಹೆಣ್ಣುಮಕ್ಕಳಿರಲಿಲ್ಲ. ಉಣ್ಣೆ ಸುತ್ತಲು ಕೂರಿಸಿದ ಮಗ ಕಡ್ಡಿಯನ್ನೂ ಕೈಗೆತ್ತಿಕೊಂಡ, ಮತ್ತೆ ಬಿಡಲೇ ಇಲ್ಲ.

ಎಡವಟ್ಟು ಶುರುವಾದದ್ದು ಕ್ಲಬ್ಬಿನಲ್ಲಿ. ಸಂಜೆಯಾದರೆ ಅವನೂ ಅವನ ಗೆಳೆಯರೂ ಅಲ್ಲಿ ತ್ರೂಕೋ ಆಡುತ್ತಾರೆ. ಆ ಆಟ ಎಲೆಯದ್ದಲ್ಲ, ಎದೆಯದ್ದು. ಎದುರಿನವನು 'ತ್ರೂಕೋ' ಅಂದನೋ, ಒಂದೋ ಎಲೆ ಕೆಳಗಿಟ್ಟು ಸೋತೆ ಅನ್ನಬೇಕು, ಇಲ್ಲ 'ರೆತ್ರೂಕೋ' ಅಂದು ಪಣ ಏರಿಸಬೇಕು. ಬೇರೆಲ್ಲ ಕಡೆ ತಬ್ಬಿಬ್ಬಾಗುವ ಎವರಿಸ್ತೋ ಅಲ್ಲಿ ಮಾತ್ರ ಹುಲಿ. ಅವನು ಎಲೆ ಕೆಳಗಿಟ್ಟದ್ದನ್ನು ಕಂಡವರಿಲ್ಲ. ಒಂದು ದಿನ ಹಿಮ ಗಸ್ತು ಪಡೆಯ ಮುಖ್ಯಸ್ಥ ಗೋರ್ದೋ ಸಾಂದೋವಲ್, ಬಾಗಿಲಲ್ಲಿ ಅಡ್ಡಡ್ಡ ತೂರುವಷ್ಟು ದಪ್ಪದ ಆಸಾಮಿ, ಎವರಿಸ್ತೋನ ತಲೆಯ ಮೇಲಿನ ಟೋಪಿ ಕಿತ್ತುಕೊಂಡು ತಿರುಗಿಸಿ ನೋಡಿದ.

"ಏನೋ ಇದು, ಎಷ್ಟು ಚೆನ್ನಾಗಿದೆ. ಯಾರೋ ಹೆಣೆದಿದ್ದು?"

ಮೇಜಿನ ಸುತ್ತ ಅಷ್ಟೂ ಗಂಡಸರು ಅವನ ಮುಖವನ್ನೇ ನೋಡಿದರು. ಎವರಿಸ್ತೋ ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿಕೊಂಡ.

"ನೆಲಿ," ಅಂದ.

ಈಗ ನೆಲಿಯ ಬಗ್ಗೆ ಹೇಳಬೇಕು. ಅವಳಿಗೆ ಒಂದು ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ಗಂಡನ ಅಂಗಿಯ ಗುಂಡಿ ಕಿತ್ತುಹೋದರೆ, ಗುಂಡಿಯಿಲ್ಲದ ಅಂಗಿ ಈಗ ರಾಜಧಾನಿಯ ಫ್ಯಾಷನ್ನು ಎಂದು ಅವನನ್ನೇ ನಂಬಿಸುವಳು. ಮರುದಿನ ಗೋರ್ದೋ ಮನೆಗೆ ಬಂದು, ನಮ್ಮೂರ ವಾಡಿಕೆಯಂತೆ ಅವಳ ಕೆನ್ನೆಗೆ ಮುತ್ತಿಟ್ಟು, ಹೆಸರಿಗೆ 'ದೋನ್ಯಾ' ಅಂತ ಮರ್ಯಾದೆ ಸೇರಿಸಿ, "ದೋನ್ಯಾ ನೆಲಿ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು. ನನ್ನ ಪಡೆಗೆಲ್ಲ ಇಂಥದ್ದೇ ಟೋಪಿ ಬೇಕಲ್ಲ," ಅಂದಾಗ ಅವಳು ಗಂಡನ ಕಡೆ ಒಂದು ಸಲ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಯಾವ ಬಣ್ಣದ್ದಿರ್ಲಿ?" ಅಂದಳು ನೆಲಿ, ರೆಪ್ಪೆಯೂ ಮಿಟುಕಿಸದೆ.

ಅಲ್ಲಿಂದ ಮುಂದೆ ಎಲ್ಲ ಇಳಿಜಾರು. ಸರೋವರದ ದಂಡೆಯ ಚೌಕದಲ್ಲಿ ನಮ್ಮ ಕುಶಲಕರ್ಮಿಗಳ ಸಂತೆ ನಡೆಯುತ್ತದೆ. ಅಲ್ಲಿ ನನ್ನ ಮಳಿಗೆಯ ಪಕ್ಕದಲ್ಲೇ, ಬಿಸಿಲು ಬೀಳುವ ಮೂಲೆಯಲ್ಲಿ ನೆಲಿಗೂ ಒಂದು ಮಳಿಗೆ ಸಿಕ್ಕಿತು. ಎವರಿಸ್ತೋ ಸಂಜೆ ಹಿತ್ತಲಿನ ಕೊಠಡಿಗೆ ಅಗುಳಿ ಹಾಕಿಕೊಂಡು ಹೆಣೆಯುವುದು, ನೆಲಿ ಮರುದಿನ ಮಾರುವುದು. ಕೊಠಡಿಯಲ್ಲಿ ಏನು ಮಾಡುತ್ತೀ ಎಂದು ಗೆಳೆಯರು ಕೇಳಿದರೆ ಚೆನ್ನಾಗಿ ಜಾರಲೆಂದು ಸ್ಕೀಗಳಿಗೆ ಮೇಣ ಹಚ್ಚುತ್ತೇನೆ ಅನ್ನುತ್ತಿದ್ದ. ಸುಳ್ಳು ನಿಜವಾಗಿ ಕಾಣಲೆಂದು ಅವರ ಸ್ಕೀಗಳಿಗೂ ಹಚ್ಚಿಕೊಡುತ್ತಿದ್ದ. ಆ ಸ್ಕೀಗಳು ಕಡಿದಾದ ಇಳಿಜಾರಿನಲ್ಲೂ ಗಕ್ಕನೆ ನಿಲ್ಲುತ್ತಿದ್ದವು ಎಂಬುದು ಬೇರೆ ಮಾತು.

ನೆಲಿ ಮಾರುವುದನ್ನು ನೋಡಬೇಕಿತ್ತು. "ಇದು ಬರೀ ಟೋಪಿ ಅಲ್ಲಮ್ಮ. ಈ ಅಂಚು ನೋಡಿ, ಇದು ಸರೋವರದ ಎರಡನೇ ಅಲೆ. ಮೊದಲ್ನೇ ಅಲೆ ಯಾರು ಬೇಕಾದ್ರೂ ಹೆಣೀತಾರೆ. ನಮ್ಮಜ್ಜಿಯ ಅಜ್ಜಿ ಈ ಅಲೆ ನೋಡ್ತಾ ನೋಡ್ತಾನೇ ಗಂಡನ್ನ ಕಾಯ್ತಿದ್ಲು." ಪ್ರವಾಸಿ ಹೆಂಗಸು ಕಣ್ಣೊರೆಸಿಕೊಂಡು ಎರಡು ಟೋಪಿ ಕೊಳ್ಳುವಳು. ನೆಲಿಯ ಅಜ್ಜಿಯ ಅಜ್ಜಿ ಸರೋವರವನ್ನೇ ಕಂಡವಳಲ್ಲ. ಆದರೆ ಮಳಿಗೆ ಸಿಗುವ ಮೊದಲು ಈ ನೆಲಿ ಮನೆಯಲ್ಲಿ ಒಬ್ಬಳೇ ಕೂತು ನೀರು ಕಾಯಿಸುವ ಕೆಟಲಿನ ಜೊತೆ ಮಾತಾಡುತ್ತಿದ್ದಳು, ಅದೂ ಬೇಲಿಯ ಸಂದಿಯಿಂದ ನನಗೆ ಗೊತ್ತು. ಜನ ಇಲ್ಲದಿದ್ದರೆ ಅವಳು ಬಾಡಿಹೋಗುವಳು. ಆ ಮಳಿಗೆ ಅವಳಿಗೆ ಅನ್ನಕ್ಕಿಂತ ಹೆಚ್ಚಿನದಾಗಿತ್ತು.

ಆ ಮಳಿಗೆಗೇ ಸಂಚಕಾರ ಬಂತು. ಸಾಬೂನು ಮಾರುವ ಒಬ್ಬಳಿಗೆ ಬಿಸಿಲಿನ ಮೂಲೆಯ ಮೇಲೆ ಕಣ್ಣಿತ್ತು. ಅವಳು ಎಲ್ಲರ ಕಿವಿಯಲ್ಲೂ ಊದಿದಳು: "ಒಂದು ಕುಣಿಕೆ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಕೈಯಲ್ಲಿ ಇಷ್ಟು ಸಮ ಬರತ್ತಾ? ಕಾರ್ಖಾನೆ ಮಾಲು ಕಣ್ರೀ." ನಮ್ಮ ಸಂತೆಯ ಕಾನೂನು ಗಟ್ಟಿ. ಮಾಡಿದವರೇ ಮಾರಬೇಕು, ಮಾರುವವರು ಸಮಿತಿಯೆದುರು ಕೂತು ಮಾಡಿ ತೋರಿಸಬೇಕು. ತೋರಿಸದಿದ್ದರೆ ಮಳಿಗೆ ಖಾಲಿ. ಸಮಿತಿಯ ಮುಖ್ಯಸ್ಥೆ ದೋನ್ಯಾ ಎರ್ಮಿಂದಾ, ಮಗ್ಗದ ಮುಂದೆ ಕೂತೇ ಮುದುಕಿಯಾದವಳು, ನಗುವುದನ್ನು ಖರ್ಚೆಂದು ತಿಳಿದವಳು. ಹಿಂದೆ ಒಬ್ಬ ಮರದ ಸೌಟು ಮಾರುತ್ತಿದ್ದ. ಒಂದು ಕೆತ್ತಿ ತೋರಿಸಪ್ಪಾ ಅಂದಳು. ಅವನು ಬೆವರು ಸುರಿಸಿ ಕೆತ್ತಿದ ಸೌಟಿನಲ್ಲಿ ಹಲ್ಲು ಚುಚ್ಚಿಕೊಳ್ಳಬಹುದಿತ್ತು, ಬಡಿಸುವಂತಿರಲಿಲ್ಲ. ಆ ಸಂಜೆಯ ಬಸ್ಸಿನಲ್ಲೇ ಅವನು ಊರು ಬಿಟ್ಟ.

ಅದೂ ಸಾಲದೆಂದು ನಮ್ಮ ಮೇಯರ್ ಸಾಹೇಬರಿಗೆ ಆ ವರ್ಷ ಒಂದು ಹೊಸ ಯೋಚನೆ ಹೊಳೆಯಿತು. ನಮ್ಮ ಕಡೆ ಚಳಿ ಕೊರೆಯುವ ಆಗಸ್ಟಿನಲ್ಲಿ, ಹಿಮದ ಹಬ್ಬದ ದಿನ ಈ ಪರೀಕ್ಷೆಯನ್ನು ಸರೋವರದ ದಂಡೆಯ ವೇದಿಕೆ ಮೇಲೇ, ಮೈಕಿಟ್ಟು, ಪ್ರವಾಸಿಗಳೆದುರು ಮಾಡಿದರೆ ಹೇಗೆ. ಮೊದಲ ಹೆಸರು ನೆಲಿಯದೇ.

ಸುದ್ದಿ ಬಂದ ಸಂಜೆ ನನ್ನನ್ನು ಕರೆದರು. ಹೋಗಿ ನೋಡಿದರೆ ಎವರಿಸ್ತೋ ಹೆಂಡತಿಗೆ ಹೆಣಿಗೆ ಕಲಿಸುತ್ತಿದ್ದಾನೆ. ನೆಲಿಯ ಕೈಯಲ್ಲಿ ಏನೋ ಜೋಲಾಡುತ್ತಿತ್ತು. ಮೀನಿನ ಬಲೆ ಅನ್ನೋಣವೆಂದರೆ ಅದರಲ್ಲಿ ತಿಮಿಂಗಿಲವೂ ಪಾರಾಗುತ್ತಿತ್ತು.

"ಬೆರಳು ಹೀಗೆ ಹಿಡಿ ಅಂದ್ನಲ್ಲೇ," ಅಂತ ಎವರಿಸ್ತೋ.

"ಹೀಗೇ ಹಿಡ್ದಿದೀನಿ. ಉಣ್ಣೆ ಸರಿಯಿಲ್ಲ."

"ಅದೇ ಉಣ್ಣೇಲೇ ನಾನು ಸ್ವೆಟರ್ ಹೆಣೆದಿದ್ದು."

"ನಿನ್ನ ಮಾತು ಕೇಳತ್ತೆ ಅದು, ನನ್ನ ಮಾತು ಕೇಳಲ್ಲ. ಜಗತ್ತಲ್ಲಿ ನನ್ನ ಮಾತು ಕೇಳದೇ ಇರೋದು ಅದೊಂದೇ." ನೆಲಿ ಕಡ್ಡಿ ಬಿಸಾಡಿದಳು. ಆಮೇಲೆ ನಿಧಾನವಾಗಿ, "ರೂಫಿನಾ, ಮಳಿಗೆ ಹೋದ್ರೆ ನಾನು ಈ ಮನೇಲಿ ಇಡೀ ದಿನ ಏನ್ಮಾಡ್ಲಿ?" ಅಂದಳು. ನನಗೂ ಸಂಕಟವಾಯಿತು.

"ನೀನೇ ಹೆಣೆಯೋದು ಅಂತ ಹೇಳ್ಬಿಡೋ," ಅಂದೆ ಎವರಿಸ್ತೋಗೆ.

ಅವನು ಹೆಣದ ಹಾಗೆ ಬಿಳಿಚಿಕೊಂಡ. "ಗೋರ್ದೋ ಎದುರಿಗಾ? ಸಾಯೋವರ್ಗೂ ನನ್ನ ಅಜ್ಜಿ ಅಂತ ಕರೀತಾರೆ. ಕ್ಲಬ್ಬಲ್ಲಿ ಕೂರೋಕೆ ಕುರ್ಚಿ ಕೊಡ್ತಾರಾ? ತೊಟ್ಟಿಲು ಕೊಡ್ತಾರೆ."

ಗಂಡನ ಮಾನ, ಹೆಂಡತಿಯ ಮಳಿಗೆ. ಎರಡೂ ಉಳಿಯಬೇಕು. ನೆಲಿ ಎದ್ದು ಒಳಗೆ ಹೋಗಿ ಅವಳ ಮಾವನ ಹಳೆಯ ಪೊಂಚೊ ತಂದಳು. ಕುದುರೆಯ ಮೇಲೆ ಕೂತವನನ್ನೂ ಕುದುರೆಯನ್ನೂ ಒಟ್ಟಿಗೆ ಮುಚ್ಚುವಂಥ ಉಣ್ಣೆಯ ಕಂಬಳಿ, ನಡುವೆ ಕುತ್ತಿಗೆಗೊಂದು ತೂತು, ಮುಂದೆ ಸೀಳು.

"ನೀನು ನನ್ನ ಬೆನ್ನ ಹಿಂದೆ ಸಣ್ಣ ಮಣೆ ಹಾಕ್ಕೊಂಡು ಕೂತ್ಕೊ," ಅಂದಳು ಗಂಡನಿಗೆ. "ತಲೆ ನಂದು. ಕೈ ನಿಂದು."

ನಾನು ಇದಕ್ಕೆ ವಿರೋಧವಾಗಿದ್ದೆ ಎಂದು ಬೇಕಾದರೆ ಯಾರ ಮುಂದೆಯಾದರೂ ಹೇಳುತ್ತೇನೆ. ಆದರೂ ಅವನ ಕೈಯ ಹಿಂಭಾಗದ ಕೂದಲನ್ನು ಸಾಬೂನು ಹಚ್ಚಿ ಬೋಳಿಸಿದವಳು ನಾನೇ. ನೆರೆಹೊರೆ ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ. ಬೆರಳ ತುದಿ ಮಾತ್ರ ಕಾಣುವ ಕೈಗವಸು ಹಾಕಿಸಿದೆವು. ಚಳಿಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಚೇರ್‌ಲಿಫ್ಟಿನಲ್ಲಿ ಸಿಕ್ಕಿ ಸೊಟ್ಟಗಾಗಿದ್ದ ಎಡಗೈ ಕಿರುಬೆರಳನ್ನು ಮಾತ್ರ ನೆಟ್ಟಗೆ ಮಾಡಲು ಆಗಲಿಲ್ಲ.

ಹಬ್ಬದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಬ್ಯಾಂಡು, ಬಾವುಟ, ಹುರಿದ ಕುರಿಯ ಹೊಗೆ, ಚಾಕೊಲೇಟಿನ ವಾಸನೆ, ಸರೋವರ ಕಾಣದಷ್ಟು ಪ್ರವಾಸಿಗಳು. ವೇದಿಕೆಯ ಪರದೆ ಸರಿಯುವ ಮೊದಲೇ ನಾನು ಇಬ್ಬರನ್ನೂ ಕುರ್ಚಿ, ಮಣೆಗಳ ಮೇಲೆ ಕೂರಿಸಿ, ಪೊಂಚೊ ಹೊದಿಸಿ, ನೆಲದವರೆಗೆ ಎಳೆದು ಬಿಟ್ಟಿದ್ದೆ. ನೆಲಿಯ ನಿಜವಾದ ಕೈಗಳು ಅವಳ ಜೇಬಿನಲ್ಲಿದ್ದವು. ಪರದೆ ಸರಿಯಿತು. ನೆಲಿ ಸಿಂಹಾಸನದ ಮೇಲಿನ ರಾಣಿಯಂತೆ ಕಂಡಳು, ಸ್ವಲ್ಪ ಗೂನು ಬೆನ್ನಿನ ರಾಣಿ.

"ಹೆಬ್ಬೆರಳಿನ ಕೈಗವಸು ಹೆಣಿ," ಅಂದಳು ದೋನ್ಯಾ ಎರ್ಮಿಂದಾ ಮೈಕಿನಲ್ಲಿ, ತೀರ್ಪು ಓದುವವಳ ಹಾಗೆ. "ಹೆಬ್ಬೆರಳ ಬುಡ ಬಿಡಿಸೋದನ್ನ ನಾನು ನೋಡ್ಬೇಕು."

ಕೈಗಳು ಕಡ್ಡಿ ಎತ್ತಿಕೊಂಡವು, ಎರಡು ಸಲ ತೊಡೆಗೆ ತಟ್ಟಿದವು, ಹೆಣೆಯತೊಡಗಿದವು. ನೆಲಿ ಜನರ ಕಡೆ ತಿರುಗಿ ಮಾತು ಶುರುಮಾಡಿದಳು. ಅಜ್ಜಿಯ ಅಜ್ಜಿ ಬಂದಳು, ಎರಡನೇ ಅಲೆ ಬಂತು, ಯಾವುದೋ ಕುರಿ ಸತ್ತದ್ದು ಬಂತು. ಕೈಗಳು ಕೆಳಗೆ ತಮ್ಮ ಪಾಡಿಗೆ ಓಡುತ್ತಿದ್ದವು.

"ನೋಡದೇನೇ ಹೆಣೀತಿದಾಳಲ್ಲೇ," ಅಂತ ಒಬ್ಬ ಹೆಂಗಸು ಬೆರಗಾದಳು. ಸಾಬೂನಿನವಳ ಮುಖ ಇಳಿಯಿತು.

ಅಷ್ಟರಲ್ಲಿ ಎವರಿಸ್ತೋಗೆ ಪೊಂಚೊದೊಳಗೆ ಮೂಗು ತುರಿಸಿತು. ಬಲಗೈ ಕಡ್ಡಿ ಬಿಟ್ಟು ಸುಯ್ಯನೆ ಸೀಳಿನೊಳಗೆ ಮಾಯವಾಯಿತು. ನೆಲಿ ಕತೆ ನಿಲ್ಲಿಸಲಿಲ್ಲ. "ನಮ್ಮ ಮನೆತನದಲ್ಲಿ ಹೆಬ್ಬೆರಳ ಹತ್ರ ಬಂದಾಗ ಬಲಗೈಗೆ ಸ್ವಲ್ಪ ವಿಶ್ರಾಂತಿ ಕೊಡೋದು ವಾಡಿಕೆ," ಅಂದಳು. ದೋನ್ಯಾ ಎರ್ಮಿಂದಾ ಹುಬ್ಬು ಮೇಲೆತ್ತಿದಳು. ವಿಶ್ರಾಂತಿ ಮುಗಿಸಿದ ಕೈ ಹೊರಬಂದು ಕೆಲಸಕ್ಕೆ ಹತ್ತಿತು.

ಹೇಗೋ ಮುಗಿಯುತ್ತಿತ್ತೇನೋ. ಆದರೆ ನಮ್ಮಲ್ಲಿ ಯಾರನ್ನಾದರೂ ಮಾಟೆ ಅನ್ನುವ ಸೊಪ್ಪಿನ ಕಷಾಯ ಕೊಡದೆ ಸುಮ್ಮನೆ ಕೂರಿಸುವ ಪದ್ಧತಿಯೇ ಇಲ್ಲ. ಮೇಯರ್ ಸಾಹೇಬರು ತಾವೇ ಸೋರೆ ಬುರುಡೆಗೆ ಸೊಪ್ಪು ತುಂಬಿ, ಬಿಸಿನೀರು ಹುಯ್ದು, ಹೀರುವ ಕೊಳವೆ ಇಟ್ಟು ನೆಲಿಯ ಮುಂದೆ ಹಿಡಿದರು. ಬೇಡ ಅಂದರೆ ಊರಿಗೇ ಅವಮಾನ. ಎಡಗೈ ಗಾಳಿಯಲ್ಲಿ ತಡಕಾಡಿ ಮೇಯರ್ ಸಾಹೇಬರ ಟೈ ಹಿಡಿಯಿತು. ಬಿಟ್ಟು ಬುರುಡೆ ಹಿಡಿಯಿತು. ಮೇಲಕ್ಕೆ ಬಂತು. ಕೊಳವೆ ಮೊದಲು ನೆಲಿಯ ಗಲ್ಲ ಮುಟ್ಟಿತು, ಆಮೇಲೆ ಕಿವಿಯ ಹತ್ತಿರ ಹೋಗಿ ನಿಂತೇಬಿಟ್ಟಿತು.

ನೆಲಿ ಕಣ್ಣು ಮುಚ್ಚಿದಳು.

"ಹಳೇ ಕಾಲದೋರು ಮಾಟೆ ಕುಡಿಯೋ ಮುಂಚೆ ಅದರ ಮಾತು ಕೇಳ್ತಿದ್ರು," ಅಂದಳು. "ಸೊಪ್ಪು ಒಳಗೆ ಪಿಸುಗುಡತ್ತೆ. ಈಗ ಯಾರಿಗಿದೆ ಪುರುಸೊತ್ತು?" ಎಂದು ಕತ್ತು ತಿರುಗಿಸಿ, ಕೊಳವೆಯನ್ನು ತುಟಿಯಲ್ಲಿ ಗಬಕ್ಕನೆ ಕಚ್ಚಿಕೊಂಡು ಹೀರಿದಳು.

ಮುಂದಿನ ಸಾಲಿನಲ್ಲಿ ಬ್ಯುನೋಸ್ ಐರೆಸ್‌ನಿಂದ ಬಂದಿದ್ದ ಇಬ್ಬರು ಹೆಂಗಸರು ತಮ್ಮ ಬುರುಡೆಗಳನ್ನು ಕಿವಿಗಿಟ್ಟುಕೊಂಡು ತಲೆದೂಗಿದರು. ಅವರ ಹಿಂದಿನ ಸಾಲಿನವರೂ ಇಟ್ಟುಕೊಂಡರು. ಇವತ್ತಿಗೂ ರಾಜಧಾನಿಯ ಯಾವುದೋ ಮಹಡಿ ಮನೆಯಲ್ಲಿ ಯಾರೋ ಮಾಟೆಗೆ ಕಿವಿಗೊಟ್ಟು ಕೂತಿರಬಹುದು. ಮೇಯರ್ ಸಾಹೇಬರಂತೂ ಕರಗಿ ನೀರಾದರು. ನೆಲಿಯನ್ನು ಬಾಚಿ ತಬ್ಬಿಕೊಂಡು ಬೆನ್ನು ತಟ್ಟಿದರು. ಬೆನ್ನು 'ಹುಂ' ಅಂದಿತು.

"ಏನಾದ್ರೂ ಅಂದ್ರಾ?" ಮೇಯರ್ ಸಾಹೇಬರು ಗಾಬರಿಯಾದರು.

"ಹೊಟ್ಟೆ ಹಸಿದಿದೆ ಸಾಹೇಬ್ರೇ," ಅಂದಳು ನೆಲಿ.

ಜನ ಚಪ್ಪಾಳೆ ಹೊಡೆದರು. ಹೆಬ್ಬೆರಳು ಮುಗಿಯುತ್ತ ಬಂದಿತ್ತು. ದೋನ್ಯಾ ಎರ್ಮಿಂದಾ ಕನ್ನಡಕ ಏರಿಸಿ ಬಗ್ಗಿ ನೋಡಿ, ತಪ್ಪೇನೂ ಸಿಗದೆ ಹಿಂದೆ ಸರಿದಳು. ಗೆದ್ದೆವು ಅಂದುಕೊಂಡೆ. ಆಗಲೇ ನನ್ನ ಪಕ್ಕದಲ್ಲಿ ನಿಂತಿದ್ದ ಗೋರ್ದೋ ಕುರಿಮಾಂಸ ಅಗಿಯುವುದನ್ನು ನಿಲ್ಲಿಸಿದ. ವೇದಿಕೆಯ ಮೇಲೆ ಎಡಗೈಯ ಕಿರುಬೆರಳು ಸೊಟ್ಟಗೆ ಮೇಲೆದ್ದಿತ್ತು. ಸಾಲು ಬದಲಾಯಿಸುವ ಮೊದಲು ಆ ಕೈಗಳು ಕಡ್ಡಿಗಳನ್ನು ಎರಡು ಸಲ ತೊಡೆಗೆ ತಟ್ಟಿದವು. ಇಷ್ಟು ವರ್ಷ ಎದುರಿಗೆ ಕೂತು ಆ ಬೆರಳನ್ನೂ ಎಲೆ ಎಸೆಯುವ ಮೊದಲಿನ ಆ ತಟ್ಟುವಿಕೆಯನ್ನೂ ನೋಡುತ್ತ ಎಲೆ ಲೆಕ್ಕ ಹಾಕಿದವನು ಗೋರ್ದೋ.

ಅವನು ನನ್ನ ಕಡೆ ನೋಡಿದ. ನಾನು ಸರೋವರದ ಕಡೆ ನೋಡಿದೆ.

ಗೋರ್ದೋ ಮೂಳೆಯನ್ನು ನನ್ನ ಕೈಗೆ ಕೊಟ್ಟು, ಬಾಯಿ ಒರೆಸಿಕೊಂಡು, ವೇದಿಕೆಯ ಬುಡಕ್ಕೆ ಹೋಗಿ ನಿಂತ. ಕೂಗಲಿಲ್ಲ, ಕಿರುಚಲಿಲ್ಲ. ಕ್ಲಬ್ಬಿನ ಮೇಜಿನಲ್ಲಿ ಹೇಳುವ ಹಾಗೆಯೇ ತಣ್ಣಗೆ ಹೇಳಿದ:

"ತ್ರೂಕೋ."

"ರೆತ್ರೂಕೋ!" ಅಂತ ಗುಡುಗಿತು ನೆಲಿಯ ಬೆನ್ನು.

ಕೈಗಳು ಕೂಡ ಹೆಣಿಗೆಯನ್ನು ಎಲೆ ಎಸೆಯುವ ಹಾಗೆ ನೆಲಕ್ಕೆ ಬಡಿದವು. ಬ್ಯಾಂಡು ನಿಂತಿತು. ಜೀವಮಾನದಲ್ಲಿ ಮೊದಲ ಸಲ ನೆಲಿಗೆ ಹೇಳಲು ಏನೂ ಹೊಳೆಯಲಿಲ್ಲ.

ದೋನ್ಯಾ ಎರ್ಮಿಂದಾ ಪೊಂಚೊದ ಅಂಚು ಹಿಡಿದು ಎತ್ತಿದಳು. ಒಳಗಿನಿಂದ ಎವರಿಸ್ತೋ ಎದ್ದ. ಕೂದಲು ಕೆದರಿತ್ತು, ಮುಖ ಬೇಯಿಸಿದ ಬೀಟ್‌ರೂಟು, ಕತ್ತಿಗೆ ಉಣ್ಣೆ ಸುತ್ತಿಕೊಂಡಿತ್ತು.

"ನೆಲಿ, ನಿನ್ನ ಕೈ ಎಲ್ಲಿ? ತೋರ್ಸು," ಅಂದಳು ಮುದುಕಿ.

ನೆಲಿ ಜೇಬಿನಿಂದ ಕೈ ತೆಗೆದು ಚಾಚಿದಳು. ಬೆಣ್ಣೆಯಂಥ ಕೈಗಳು.

"ಇವೇನ್ಮಾಡ್ತವೆ?"

"ನಾನು ಮಾತಾಡ್ವಾಗ ಆಡ್ತವೆ ದೋನ್ಯಾ," ಅಂದಳು ನೆಲಿ ಮೆಲ್ಲಗೆ.

ದೋನ್ಯಾ ಎರ್ಮಿಂದಾ ಮೈಕು ತೆಗೆದುಕೊಂಡಳು. "ಮಳಿಗೆ ಮಾಡೋ ಕೈಗೆ ಸೇರಿದ್ದು. ಮಾಡದೋರು ಮಳಿಗೆ ಒಳಗೆ ನಿಲ್ಲೋ ಹಾಗಿಲ್ಲ. ನೆಲಿದು ಇವತ್ತಿಗೆ ಮುಗೀತು. ಈ ಕೈ ಯಾರದೋ ಅವನಿಗೆ ಬೇಕಾದ್ರೆ ಇಲ್ಲಿ ಬಂದು ಹೆಸ್ರು, ಕಸುಬು ಹೇಳ್ಲಿ."

ಎವರಿಸ್ತೋ ಮೈಕಿನ ಮುಂದೆ ಬಂದು ಹೆಸರು ಹೇಳಿದ.

"ಕಸುಬು?"

ಅವನು ಕೆಳಗೆ ಗೋರ್ದೋನನ್ನು ನೋಡಿದ. ಗೋರ್ದೋ ಕೈಕಟ್ಟಿ ನಿಂತಿದ್ದ, ಅವನ ಹಿಂದೆ ಇಡೀ ಗಸ್ತು ಪಡೆ.

"ಚೇರ್‌ಲಿಫ್ಟು," ಅಂದ ಎವರಿಸ್ತೋ.

"ಅದು ನೌಕರಿ. ನಾನು ಕೇಳಿದ್ದು ಕಸುಬು."

"ಸ್ಕೀಗೆ ಮೇಣ..." ಗಸ್ತು ಪಡೆಯಿಂದ ಯಾರೋ ನರಳಿದ ಸದ್ದು ಕೇಳಿತು.

"ಹೇಳೋ ದಡ್ಡ ಮುಂಡೇದೇ," ಅಂದಳು ನೆಲಿ ಹಿಂದಿನಿಂದ. "ನನ್ನದಂತೂ ಹೋಯ್ತು, ನಿಂದಾದ್ರೂ ಉಳಿಸ್ಕೊ."

"ಹೆಣಿಗೆ," ಅಂದ ಎವರಿಸ್ತೋ. ಮೈಕಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳಪ್ಪಾ," ಅಂತ ಹಿಂದಿನಿಂದ ಯಾರೋ ಕೂಗಿದರು.

ಆಗ ಅವನಿಗೆ ಏನಾಯಿತೋ. ಕತ್ತಿಗೆ ಸುತ್ತಿದ್ದ ಉಣ್ಣೆ ಕಿತ್ತು, "ಹೆಣಿಗೆ ಅಂದೆ. ಟೋಪಿ, ಕೈಗವಸು, ಸ್ವೆಟರು. ನಿಮ್ಮ ತಲೆ ಮೇಲಿರೋದೆಲ್ಲ ನಂದೇ," ಅಂದ. ಚೌಕದ ತುಂಬ ಕೈಗಳು ಮೇಲೆದ್ದು ತಂತಮ್ಮ ಟೋಪಿ ಮುಟ್ಟಿಕೊಂಡವು.

ಗೋರ್ದೋ ವೇದಿಕೆ ಹತ್ತಿದ. ಹಲಗೆಗಳು ಕಿರುಗುಟ್ಟಿದವು. ಎವರಿಸ್ತೋ ಕಣ್ಣು ಮುಚ್ಚಿಕೊಂಡು ಏಟು ಬಿದ್ದರೆ ಬೀಳಲಿ ಎಂಬಂತೆ ನಿಂತ. ಗೋರ್ದೋ ತನ್ನ ಟೋಪಿ ತೆಗೆದು ನೋಡಿದ.

"ಇದನ್ನ ಹಾಕ್ಕೊಂಡೇ ಅಲ್ವೇನೋ ನಾನು ಹಿಮಕುಸಿತದಲ್ಲಿ ಜನರನ್ನ ಅಗೆದು ತೆಗೆದಿದ್ದು? ಪ್ರತಿ ಸಲ ಬಂದು ನಿನ್ನ ಹೆಂಡ್ತಿ ಕೆನ್ನೆಗೆ ಮುತ್ತು ಕೊಟ್ಟು ಥ್ಯಾಂಕ್ಸ್ ಹೇಳಿದೀನಿ. ನೀನು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಅಷ್ಟೂ ಮುತ್ತು ನಿನಗೆ ಸೇರ್ಬೇಕಾದ್ದು, ಕಳ್ಳ ನನ್ಮಗನೇ."

ಅಂದವನೇ ಎವರಿಸ್ತೋನ ಎರಡೂ ಕೆನ್ನೆ ಹಿಡಿದು, ಗಡ್ಡ ಚುಚ್ಚುವ ಹಾಗೆ, ಹಳೆಯ ಬಾಕಿಯನ್ನೆಲ್ಲ ಮುತ್ತಿನಲ್ಲಿ ಚುಕ್ತಾ ಮಾಡತೊಡಗಿದ. ಅವನ ಹಿಂದೆ ಪಡೆಯವರೆಲ್ಲ ಸಾಲುಗಟ್ಟಿದರು. ಪ್ರವಾಸಿಗಳು ಇದೂ ಹಬ್ಬದ ಆಚಾರವೆಂದು ತಿಳಿದು ಫೋಟೋ ತೆಗೆದರು. "ಆದ್ರೆ ಒಂದು ಮಾತು," ಅಂದ ಗೋರ್ದೋ ಕೊನೆಗೆ, "ಇನ್ಮೇಲೆ ನನ್ನ ಸ್ಕೀ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

ಇಷ್ಟಾಗುವಾಗ ನೆಲಿ ವೇದಿಕೆಯ ಹಿಂದಿನ ಮೆಟ್ಟಿಲಿಂದ ಇಳಿದು ಹೋದದ್ದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಒಂದು ಮಾತೂ ಆಡದೆ ಹೋದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಬಿಸಿಲಿನ ಮೂಲೆಯಲ್ಲಿ ಎವರಿಸ್ತೋ ಕೂತಿದ್ದ. ತನ್ನ ಹೆಸರಲ್ಲಿ, ಎಲ್ಲರೆದುರು, ಕಡ್ಡಿ ಆಡಿಸುತ್ತ. ಅವನ ಮಟ್ಟಿಗೆ ಸ್ವರ್ಗ. ಆದರೆ ನೆಲಿ ಸಂತೆಯ ಸುತ್ತ ಕಟ್ಟಿದ ಹಗ್ಗದ ಆಚೆ, ಸಾರ್ವಜನಿಕ ರಸ್ತೆಯಲ್ಲಿ, ಜೇಬಿನಲ್ಲಿ ಕೈಯಿಟ್ಟು ನಿಂತಿದ್ದಳು. ಒಳಗೆ ಕಾಲಿಡುವಂತಿರಲಿಲ್ಲ. ಒಬ್ಬ ಪ್ರವಾಸಿ ಹೆಂಗಸು ಟೋಪಿ ಎತ್ತಿ, "ಇದೇನು ವಿನ್ಯಾಸ?" ಅಂದಳು.

ಎವರಿಸ್ತೋ ತುಂಬ ಯೋಚಿಸಿ, "ಟೋಪಿ," ಅಂದ.

ಹೆಂಗಸು ಇಟ್ಟು ಹೋದಳು. ಇನ್ನೊಬ್ಬಳು ಬಂದು, "ಇದಕ್ಕೇನಾದ್ರೂ ಕತೆ ಇದ್ಯಾ?" ಅಂದಳು. "ತಲೆಗೆ ಹಾಕ್ಕೊಳೋದು," ಅಂದ. ಅವಳೂ ಹೋದಳು. ಹಗ್ಗದಾಚೆ ನೆಲಿಯ ತುಟಿಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು. ಅದನ್ನೇ ನೋಡುತ್ತಿದ್ದ ನನ್ನ ಕೈತಪ್ಪಿ ಒಂದು ಲೋಟ ಬಿದ್ದು ಒಡೆಯಿತು.

ದೋನ್ಯಾ ಎರ್ಮಿಂದಾ ಎಂದಿನಂತೆ ಸುತ್ತು ಹಾಕುತ್ತ ಬಂದಳು. ನೆಲಿ ಹಗ್ಗ ಹಿಡಿದುಕೊಂಡು ಕೂಗಿದಳು.

"ದೋನ್ಯಾ, ಕೈಯಲ್ಲಿ ಮಾಡಿದ್ದು ಮಾತ್ರ ಕಸುಬಾ? ಬಾಯಲ್ಲಿ ಮಾಡಿದ್ದು ಅಲ್ವಾ?"

"ಬಾಯಲ್ಲಿ ಏನ್ಮಾಡ್ತೀಯ ನೀನು?"

"ಕತೆ."

"ಸುಳ್ಳು ಅನ್ನು."

"ನೀವು ಉಣ್ಣೆಗೆ ಬಣ್ಣ ಹಾಕಲ್ವಾ? ಕುರಿ ಕೆಂಪಗಿರತ್ತಾ?"

ಸುತ್ತಲಿದ್ದವರು ಕಿವಿ ನಿಮಿರಿಸಿದರು. ದೋನ್ಯಾ ಎರ್ಮಿಂದಾ ನನ್ನ ಮಳಿಗೆಯ ಮುಂದಿದ್ದ ಮಣೆ ಎಳೆದುಕೊಂಡು ಕೂತಳು.

"ಸರಿ. ಎಲ್ಲರ ಹಾಗೆ ನೀನೂ ಮಾಡಿ ತೋರ್ಸು. ಈಗಲೇ, ಇಲ್ಲೇ. ನಿನ್ನ ಗಂಡ ನಿನ್ನೆ ಪೊಂಚೊ ಒಳಗೆ ಯಾಕಿದ್ದ ಅಂತ ಹೇಳು. ಇಲ್ಲಿರೋರೆಲ್ಲ ಕಣ್ಣಾರೆ ನೋಡಿದೋರೇ. ಒಬ್ರು ನಕ್ರೂ ನೀನು ಮನೆಗೆ ಹೋಗು. ಬಾಯಿ ಮುಚ್ಕೊಂಡು ಕೇಳಿದ್ರೆ ಅದು ಕಸುಬು."

ಸಾಬೂನಿನವಳು ನಗಲೆಂದೇ ಮುಂದೆ ಬಂದು ನಿಂತಳು. ಗೋರ್ದೋ ತನ್ನ ಪಡೆಯೊಂದಿಗೆ ಬಂದ. ನೆಲಿ ಜೇಬಿನಿಂದ ಕೈ ತೆಗೆದಳು.

"ಅವತ್ತು ಬೆಟ್ಟದ ಮೇಲೆ ಬಿರುಗಾಳಿ ಎದ್ದಿತ್ತು," ಅಂದಳು, ತಗ್ಗಿದ ದನಿಯಲ್ಲಿ. "ಚೇರ್‌ಲಿಫ್ಟು ನಿಂತೋಯ್ತು. ಎಲ್ಲರನ್ನೂ ಇಳಿಸಿದಾನೆ, ಕೊನೇ ಕುರ್ಚೀಲಿ ತಾನೊಬ್ಬನೇ ಉಳ್ಕೊಂಡಿದಾನೆ. ಕೆಳಗೆ ಹಿಮ, ಮೇಲೆ ಹಿಮ, ನಡುವೆ ತೂಗಾಡ್ತಾ ಒಬ್ಬ ಮನುಷ್ಯ. ಕುರ್ಚಿಯ ಕಬ್ಬಿಣ ಹಿಡ್ಕೊಂಡೇ ಕೂತಿದಾನೆ, ಬಿಟ್ರೆ ಬಿದ್ದ. ಮೊದಲು ಬೆರಳು ಹೆಪ್ಪುಗಟ್ಟಿದ್ವು, ಆಮೇಲೆ ಅಂಗೈ. ಗಾಳಿ ಒಂದು ಸಲ ಬೀಸಿದ್ರೆ ಕುರ್ಚಿ ಆ ಕಡೆ, ಇನ್ನೊಂದು ಸಲ ಬೀಸಿದ್ರೆ ಈ ಕಡೆ. ಕೆಳಗೆ ನಾನು ಪೊಂಚೊ ಹೊದ್ಕೊಂಡು ನಿಂತಿದೀನಿ. ಕೂಗಿದ್ರೆ ಕೇಳಿಸಲ್ಲ. ಹಾಗಂತ ಕೂಗದೇ ಇರೋಕಾಗತ್ತಾ? ಅವನ ಕೈಗಳ ಜೊತೆ ಮಾತಾಡೋಕೆ ಶುರು ಮಾಡ್ದೆ..."

ಇಂಥದ್ದು ಯಾವತ್ತೂ ನಡೆದಿಲ್ಲ. ಎವರಿಸ್ತೋ ಬಿರುಗಾಳಿ ಬಂದರೆ ಎಲ್ಲರಿಗಿಂತ ಮೊದಲು ಮನೆ ಸೇರುವವನು, ಆ ಕೈಗಳ ಕೂದಲು ಬೋಳಿಸಿದವಳು ನಾನು. ಆದರೂ ನನ್ನ ಕಣ್ಣು ಒದ್ದೆಯಾಗಿತ್ತು. ಗೋರ್ದೋ ಟೋಪಿ ಕೈಯಲ್ಲಿ ಹಿಡಿದು, ಆ ದಿನ ತಾನೆಲ್ಲಿ ಹಾಳಾಗಿ ಹೋಗಿದ್ದೆ ಎಂಬಂತೆ ತಲೆ ತಗ್ಗಿಸಿ ನಿಂತಿದ್ದ. ಸಾಬೂನಿನವಳು ಕರವಸ್ತ್ರವಿಲ್ಲದ್ದಕ್ಕೆ ತೋಳಲ್ಲೇ ಮೂಗು ಒರೆಸಿಕೊಂಡಳು. ದೋನ್ಯಾ ಎರ್ಮಿಂದಾ ತನ್ನ ಮಗ್ಗದಲ್ಲಿ ಒರಟಾದ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ನೆಲಿ ಅಲ್ಲಿಗೆ ನಿಲ್ಲಿಸಿ ಉಸಿರೆಳೆದುಕೊಂಡಳು. ಚೌಕದಲ್ಲಿ ಒಬ್ಬರೂ ನಕ್ಕಿರಲಿಲ್ಲ.

ಮಳಿಗೆಯೊಳಗಿಂದ ಎವರಿಸ್ತೋ ಎದ್ದು ನಿಂತಿದ್ದ. ಕಡ್ಡಿಯಿಂದ ಕುಣಿಕೆಗಳೆಲ್ಲ ಜಾರಿ ಬೀಳುತ್ತಿದ್ದುದು ಅವನಿಗೆ ಗೊತ್ತೇ ಇರಲಿಲ್ಲ.

"ಆಮೇಲೆ ನೆಲಿ?" ಅಂದ ಅವನು. "ಬದುಕ್ಕೊಂಡ್ನಾ ಪಾಪ, ಆ ಮನುಷ್ಯ?"